ಮೆಟ್ಟಿಲು ಅಳೆಯುವ ಗೇಜು: ಹದಿನೇಳು ಹಲಗೆ ಕೂರಿಸಿದ ಮೇಲೆ ಬರೆದದ್ದು

ನಮ್ಮದು ಮೂರು ತಲೆಮಾರಿನ ಬಡಿಗತನ. ಬೀದರಿನಲ್ಲಿ ಬಾಗಿಲು, ಚೌಕಟ್ಟು, ಕಪಾಟು ಮಾಡುವವರಿಗೆ ಕೊರತೆಯಿಲ್ಲ. ಆದರೆ ಕಾಂಕ್ರೀಟ್ ಮೆಟ್ಟಿಲಿಗೆ ಸಾಗವಾನಿ ಹೊದಿಸಬೇಕು ಎಂದರೆ ಅನೇಕರು ಮೆಲ್ಲನೆ ಜಾರಿಕೊಳ್ಳುತ್ತಾರೆ. ಮೆಟ್ಟಿಲಿನ ಎರಡೂ ಬದಿಗೆ ಗೋಡೆಯಿದ್ದರೆ ಹಲಗೆ ಎರಡಕ್ಕೂ ಕಚ್ಚಿ ಕೂಡಬೇಕು, ಗಾರೆಯವರು ಎಬ್ಬಿಸಿದ ಗೋಡೆಯೋ ಗುನಿಯಾಕ್ಕೆ (ಮೂಲೆ ಸರಿಯಿದೆಯೇ ಎಂದು ನೋಡುವ ಲಂಬಕೋನದ ಪಟ್ಟಿಗೆ) ಕೂಡಿದ್ದನ್ನು ನಾನಂತೂ ಕಂಡಿಲ್ಲ. ಮುಂದೆ ಮೂವತ್ತೆಂಟು ಇಂಚು ಮೂರು ಸೂತ, ಹಿಂದೆ ಮೂವತ್ತೆಂಟು ಇಂಚು ಒಂದು ಸೂತ. ಮೇಲಿನ ಮೆಟ್ಟಿಲಿಗೆ ಹೋದರೆ ಲೆಕ್ಕ ಉಲ್ಟಾ. (ಸೂತ ಎಂದರೆ ಇಂಚಿನ ಎಂಟನೆಯ ಒಂದು ಪಾಲು. ಮಿಲಿಮೀಟರ್ ಕಲಿತ ನನ್ನ ಮಗ ನಗುತ್ತಾನೆ, ನಗಲಿ.)

ಅಪ್ಪ ಇದಕ್ಕೆ ರಟ್ಟು ಬಳಸುತ್ತಿದ್ದರು. ಮೆಟ್ಟಿಲ ಮೇಲೆ ರಟ್ಟು ಇಟ್ಟು ಗೋಡೆಗೆ ತಕ್ಕಂತೆ ಕತ್ತರಿಸಿ, ಅದರ ಅಚ್ಚನ್ನು ಹಲಗೆಗೆ ಇಳಿಸುವುದು. ಒಂದು ಮೆಟ್ಟಿಲಿಗೆ ಅರ್ಧ ಗಂಟೆ ಹಿಡಿಯುತ್ತಿತ್ತು. ಈ ಸಲ ನಮ್ಮೂರಿನ ಗುಂಪಾ ಕಡೆಯ ಒಂದು ಮನೆಯಲ್ಲಿ ಹದಿನೇಳು ಮೆಟ್ಟಿಲಿನ ಕೆಲಸ ಹಿಡಿದಾಗ ಮಗ ಮೊಬೈಲ್‌ನಲ್ಲೇ ಈ ಗೇಜು ತರಿಸಿದ. ₹2,640. ಆರು ದಿನಕ್ಕೆ ಬಂತು.

ಪೆಟ್ಟಿಗೆ ಬಿಚ್ಚಿದರೆ ಎರಡು ಅಲ್ಯೂಮಿನಿಯಂ ತುಂಡು, ನಾಲ್ಕು ತಿರುಪು, ಅಷ್ಟೇ. ಇದಕ್ಕೆ ಇಷ್ಟು ದುಡ್ಡೇ ಎಂದು ಗದರಿದೆ. ನಡುವಿನ ಪಟ್ಟಿ ನಮ್ಮದೇ. ನೇರವಾಗಿ ಸೀಳಿದ ಪ್ಲೈವುಡ್ ಪಟ್ಟಿಯನ್ನು ಮೆಟ್ಟಿಲಿನ ಅಗಲಕ್ಕಿಂತ ಸ್ವಲ್ಪ ಗಿಡ್ಡ ಕತ್ತರಿಸಿ, ಎರಡು ತುದಿಗೆ ಈ ತುಂಡುಗಳನ್ನು ಕೂಡಿಸಬೇಕು. ತುಂಡುಗಳು ಹಿಂದೆ ಮುಂದೆ ಸರಿಯುತ್ತವೆ, ಅತ್ತಿತ್ತ ತಿರುಗುತ್ತವೆ. ಮೆಟ್ಟಿಲ ಮೇಲಿಟ್ಟು ಎರಡೂ ಗೋಡೆಗೆ ತಾಗಿಸಿ ತಿರುಪು ಬಿಗಿ ಮಾಡಿದರೆ ಅಗಲ, ಎಡಗೋಡೆಯ ಓರೆ, ಬಲಗೋಡೆಯ ಓರೆ ಮೂರೂ ಒಟ್ಟಿಗೆ ಸಿಕ್ಕವು. ಎತ್ತಿ ಹಲಗೆಯ ಮೇಲಿಟ್ಟು ಗೀಚು. ಪೆನ್ಸಿಲ್ ಬೇಡ, ಗೆರೆ ದಪ್ಪ ಬೀಳುತ್ತದೆ. ಚೂರಿಯ ಮೊನೆಯಿಂದ ಗೀಚಿದರೆ ಗರಗಸದ ಹಲ್ಲು ಹಾದಿ ತಪ್ಪುವುದಿಲ್ಲ. ಐದು ನಿಮಿಷದ ಕೆಲಸ. ಮೊದಲ ಹಲಗೆ ಗೋಡೆ ಗೋಡೆಯ ನಡುವೆ ಸರ್ ಎಂದು ಇಳಿದಾಗ ನಾನು ಮಗನ ಮುಖ ನೋಡಲಿಲ್ಲ. ನೋಡಿದ್ದರೆ ಅವನು ಇನ್ನೂ ನಾಲ್ಕು ಸಾಮಾನು ತರಿಸುತ್ತಿದ್ದ.

ಇಷ್ಟು ಬಿಗಿ ಏಕೆ ಎಂದು ಮನೆಯವರು ಕೇಳಿದರು. ಮರ ಉದ್ದಕ್ಕೆ ಆಡುವುದಿಲ್ಲ ಎಂದೇ ಹೇಳಬಹುದು, ಅಡ್ಡಕ್ಕೆ ಆಡುತ್ತದೆ. ನಮ್ಮ ಕಡೆ ಏಪ್ರಿಲ್‌ನ ಒಣಬಿಸಿಲಿಗೂ ಆಗಸ್ಟ್‌ನ ತೇವಕ್ಕೂ ನಡುವೆ ಹತ್ತೂವರೆ ಇಂಚು ಅಗಲದ ಸಾಗವಾನಿ ಅರ್ಧ ಸೂತಕ್ಕೂ ಮಿಕ್ಕಿ ಹಿಗ್ಗಿ ಕುಗ್ಗಬಹುದು. ಆದ್ದರಿಂದ ಗೋಡೆಯ ಕಡೆ ಬಿಗಿ ಕೂರಿಸಬಹುದು, ಹಿಂದೆ ಮಾತ್ರ ಜಾಗ ಬಿಡಲೇಬೇಕು. ನಾನು ಮಾಡುವುದು ಹೀಗೆ: ಟ್ರೆಡ್‌ನ (ಕಾಲಿಡುವ ಹಲಗೆಯ) ಅಡಿಯಲ್ಲಿ, ಮೂಗಿಗಿಂತ (ಮುಂದೆ ಚಾಚಿದ ಅಂಚಿಗಿಂತ) ಒಂದು ಇಂಚು ಒಳಗೆ, ಎರಡು ಸೂತ ಆಳದ ಗಾಡಿ (ಉದ್ದನೆಯ ಕಚ್ಚು) ಹೊಡೆದು ಕೆಳಗಿನ ರೈಸರ್‌ನ (ನಿಲುವು ಹಲಗೆಯ) ತುದಿಯನ್ನು ಅದರೊಳಗೆ ಕೂಡಿಸುತ್ತೇನೆ. ಅಂಟು ಮುಂದಿನ ಅರ್ಧಕ್ಕೆ ಮಾತ್ರ. ಹಿಂದಿನ ಅಂಚು ಮೇಲಿನ ರೈಸರ್‌ನ ಅಡಿಗೆ ಹೋಗಿ ಸುಮ್ಮನೆ ಕೂತಿರುತ್ತದೆ. ಹಿಗ್ಗಿದರೂ ಕುಗ್ಗಿದರೂ ಅಲ್ಲೇ ಒಳಗೆ, ಕಣ್ಣಿಗೆ ಕಾಣದಂತೆ.

ಮೇಲಿನಿಂದ ಮೊಳೆ ಹೊಡೆಯುವವರ ಬಗ್ಗೆ ನನಗೆ ಸಿಟ್ಟಿದೆ. ಹೋದ ವರ್ಷ ಒಬ್ಬರ ಮನೆಯಲ್ಲಿ ಯಾರೋ ಪ್ರತಿ ಹಲಗೆಗೆ ಎಂಟು ಮೊಳೆ ಜಡಿದು ಹೋಗಿದ್ದರು. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಹಲಗೆ ಕುಗ್ಗಿ, ಮೊಳೆ ಸಡಿಲಾಗಿ, ರಾತ್ರಿ ಯಾರು ನೀರು ಕುಡಿಯಲು ಇಳಿದರೂ ಇಡೀ ಮನೆಗೆ ತಿಳಿಯುತ್ತಿತ್ತು. ಆ ಕಿರ್ ಶಬ್ದ ಬೇರೇನಲ್ಲ, ಮೊಳೆಗೆ ಮರ ಉಜ್ಜುವುದು.

ಇನ್ನು ಗೇಜಿನ ತಪ್ಪುಗಳು. ತಿರುಪಿನ ತಲೆ ಪ್ಲಾಸ್ಟಿಕ್. ಏಳನೆಯ ಮೆಟ್ಟಿಲಿನ ಹೊತ್ತಿಗೆ ಒಂದರ ಆಟೆ (ತಿರುಪಿನ ಸುರುಳಿ) ಸವೆದಿತ್ತು. ಮೆಟ್ಟಿಲಿನಿಂದ ಹಲಗೆಯವರೆಗೆ ನಾಲ್ಕು ಹೆಜ್ಜೆ ನಡೆಯುವಾಗ ತುಂಡು ಕದಲಿದ್ದು ನನಗೆ ಗೊತ್ತಾಗಲಿಲ್ಲ. ಕೊಯ್ದು ಇಟ್ಟರೆ ಬಲಗಡೆ ಎರಡು ಸೂತ ಬಾಯಿ ಬಿಟ್ಟಿತು. ಒಂದೂಕಾಲು ಇಂಚು ದಪ್ಪದ, ಗಂಟಿಲ್ಲದ ಹಲಗೆ! ಮನೆಯ ಅಜ್ಜಿ ಬಂದು ನೋಡಿ, “ಮಿಸ್ತ್ರಿ, ಅದನ್ನು ಒಲೆಗೆ ಹಾಕಬೇಡಪ್ಪಾ, ನನಗೊಂದು ಮಣೆ ಮಾಡಿಕೊಡು” ಎಂದರು. ಮಾಡಿಕೊಟ್ಟೆ. ಹಲಗೆಯ ದುಡ್ಡು ನನ್ನ ಕೂಲಿಯಲ್ಲೇ ಹೋಯಿತು. ಅಂದೇ ಸಂಜೆ ನಾಲ್ಕೂ ತಿರುಪು ಕಿತ್ತು ಉಕ್ಕಿನ ಬೋಲ್ಟು, ವಾಶರ್, ವಿಂಗ್ ನಟ್ ಹಾಕಿದೆ. ಅರವತ್ತು ರೂಪಾಯಿಯೊಳಗೆ ಮುಗಿಯಿತು. ಆಮೇಲೆ ಒಮ್ಮೆಯೂ ಕದಲಲಿಲ್ಲ. ಇದನ್ನು ತಯಾರಿಸಿದವರೇ ಮಾಡಬಹುದಿತ್ತು.

ಎರಡನೆಯದು, ಗೋಡೆ ನೇರವಿದ್ದರಷ್ಟೇ ಇದರ ಮಾತು ನಂಬಬೇಕು. ಹನ್ನೊಂದನೆಯ ಮೆಟ್ಟಿಲಿನಲ್ಲಿ ಗಾರೆ ನಡುವೆ ಹೊಟ್ಟೆ ಬಿಟ್ಟಿತ್ತು. ಗೇಜಿನ ತುಂಡು ಆ ಹೊಟ್ಟೆಗೆ ತಾಗಿ ತೊಟ್ಟಿಲಿನಂತೆ ಆಡಿತು. ಅಲ್ಲಿ ಹಲಗೆಯನ್ನು ಕೊಂಚ ಉದ್ದವೇ ಕೊಯ್ದು, ಕೈವಾರದ ಒಂದು ಕಾಲನ್ನು ಗೋಡೆಗೆ ಒತ್ತಿ ಎಳೆದು, ಗೆರೆಯವರೆಗೆ ರಂದಾ ಹೊಡೆದೆ. ಸಂದು ಕಾಣದಂತೆ ಕೂಡಿಸುವುದೇ ಕೆಲಸ. ಬೀದರ್ ಕೋಟೆಯೊಳಗಿನ ಅರಮನೆ ರಂಗೀನ್ ಮಹಲಿನ ಮರದ ಕಂಬಗಳನ್ನು ಅಪ್ಪ ನನಗೆ ಹತ್ತು ವರ್ಷವಿದ್ದಾಗ ತೋರಿಸಿದ್ದರು. ಬೀದರಿನ ಸುಲ್ತಾನ ಅಲಿ ಬರೀದನ ಕಾಲದ ಆ ಕೆತ್ತನೆಯ ಮುಂದೆ ನಿಂತು ಅವರು ನೋಡಿದ್ದು ಹೂಬಳ್ಳಿಯನ್ನಲ್ಲ, ಕಂಬಕ್ಕೂ ಅದರ ತಲೆಯ ಬೋದಿಗೆಗೂ ನಡುವಿನ ಸಂದನ್ನು.

ಮತ್ತೊಂದು ಮಾತು, ಇದು ಗೇಜಿನ ತಪ್ಪಲ್ಲ, ಆದರೆ ಕೊಳ್ಳುವವರು ತಿಳಿದಿರಲಿ. ಎಲ್ಲ ಮೆಟ್ಟಿಲಿಗೂ ಒಂದೂಕಾಲು ಇಂಚು ಹೊದಿಸಿದರೆ ನಡುವಿನವು ಸಮವಾಗಿಯೇ ಉಳಿಯುತ್ತವೆ, ಮೊದಲನೆಯದು ಮತ್ತು ಕೊನೆಯದು ಕೆಡುತ್ತವೆ. ಆ ಮನೆಯಲ್ಲಿ ಒಂದೊಂದು ಮೆಟ್ಟಿಲಿನ ಎತ್ತರ ಆರೂಮುಕ್ಕಾಲು ಇಂಚು. ಹೊದಿಸಿದ ಮೇಲೆ ಕೆಳಗಿನದು ಎಂಟು ಇಂಚು, ಮೇಲಿನದು ಐದೂವರೆ ಆಗುತ್ತಿತ್ತು. ಮನೆಗಳ ಮೆಟ್ಟಿಲಿಗೆ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುವ ಗರಿಷ್ಠ ಎತ್ತರ 190 ಮಿಲಿಮೀಟರ್, ಅಂದರೆ ಏಳೂವರೆ ಇಂಚು. ಅದು ಹಾಗಿರಲಿ, ಎತ್ತರ ಒಂದೇ ಸಮ ಇಲ್ಲದಿದ್ದರೆ ಕಾಲು ಎಡವುವುದು ಖಂಡಿತ. ಪುಣ್ಯಕ್ಕೆ ಮೇಲೂ ಕೆಳಗೂ ನೆಲಕ್ಕೆ ಟೈಲ್ಸ್ ಹಾಕಿರಲಿಲ್ಲ. ಗಾರೆ ಸೇರಿ ಅಷ್ಟೇ ದಪ್ಪ ಬರುವಂತೆ ಟೈಲ್ಸ್‌ನವರಿಗೆ ಗೋಡೆಯ ಮೇಲೆ ಗೆರೆ ಹಾಕಿಕೊಟ್ಟೆ.

ಐದರಲ್ಲಿ ನಾಲ್ಕು ಕೊಡುತ್ತೇನೆ. ಕಳೆದ ಒಂದು ಪೂರ್ತಿ ಆ ಪ್ಲಾಸ್ಟಿಕ್ ತಿರುಪಿನದು. ವರ್ಷಕ್ಕೆ ಒಂದೇ ಮೆಟ್ಟಿಲು ಮಾಡುವವರು ರಟ್ಟಿನಲ್ಲೇ ನಡೆಸಿಕೊಳ್ಳಿ. ಮುಂದಿನ ವಾರ ನನಗೆ ಹುಮನಾಬಾದಿನಲ್ಲಿ ತಿರುವಿನ ಮೆಟ್ಟಿಲಿದೆ, ಮುಕ್ಕೋನದ ಮೂರು ಹಲಗೆ. ಅದಕ್ಕೆ ಈ ಗೇಜು ಉಪಯೋಗಕ್ಕೆ ಬರುವುದಿಲ್ಲ. ಅಂಗಡಿಯವರಿಂದ ಟಿವಿ ಬಂದಿದ್ದ ದೊಡ್ಡ ರಟ್ಟಿನ ಪೆಟ್ಟಿಗೆಯೊಂದನ್ನು ಕೇಳಿ ತಂದಿಟ್ಟಿದ್ದೇನೆ.