3970010 ನಂಬರ್ ನೋಡಿ ‘ಡಿಝೆಡ್ ಬ್ಲಾಕ್’ ಅಂತ ದುಡ್ಡು ಸುರಿಯಬೇಡಿ

1969ರ ಕಮಾರೊ ಝಡ್/28ಕ್ಕೆ (ಶೆವರ್ಲೆಯ ಸ್ಪೋರ್ಟ್ಸ್ ಕಾರು) ಎಂಜಿನ್ ಬ್ಲಾಕ್ ಹುಡುಕುತ್ತಿರುವವರು ಅಡ್ವಾನ್ಸ್ ಕೊಡುವ ಮೊದಲು ಇದನ್ನೊಮ್ಮೆ ಓದಿ. ಅಸಲಿ 302 (ಘನ ಇಂಚಿನಲ್ಲಿ ಎಂಜಿನ್ನಿನ ಗಾತ್ರ) ಅಂತ ಮಾರಾಟವಾದ ಒಂದು ಶೆವರ್ಲೆ ಸ್ಮಾಲ್ ಬ್ಲಾಕ್ (ಚಿಕ್ಕ ವಿ8 ಎಂಜಿನ್), ಗ್ರೀಸ್ ತೊಳೆದ ದಿನವೇ ಮಾಮೂಲಿ 350 ಅಂತ ಬಯಲಾಯಿತು. ಮಾರಿದವನು ಕಳಿಸಿದ್ದು ಎರಡೇ ಫೋಟೊ. ಒಂದರಲ್ಲಿ ಎರಕದ ನಂಬರ್ 3970010. ಇನ್ನೊಂದರಲ್ಲಿ ಮುಂಭಾಗದ ಪ್ಯಾಡ್ (ನಂಬರ್ ಕುಟ್ಟುವ ಸಪಾಟು ಜಾಗ) ಮೇಲೆ ಪಂಚ್ ಮಾಡಿದ ವಿ0612ಡಿಝೆಡ್, ಪಕ್ಕದಲ್ಲಿ 19ಎನ್ ಎಂದು ಶುರುವಾಗುವ ಗಾಡಿ ನಂಬರಿನ ತುಣುಕು. ವಿ ಅಂದರೆ ಫ್ಲಿಂಟ್ ಕಾರ್ಖಾನೆ, 0612 ಅಂದರೆ ಎಂಜಿನ್ ಜೋಡಿಸಿದ ಜೂನ್ 12, ಡಿಝೆಡ್ ಅಂದರೆ ಝಡ್/28ರ 302, ಎನ್ ಅಂದರೆ ಕಮಾರೊ ತಯಾರಾಗುತ್ತಿದ್ದ ನಾರ್ವುಡ್. ಓದಿದರೆ ಎಲ್ಲ ಸರಿಯಾಗೇ ಇದೆ. ಕೊಂಡವರು ಡಿಝೆಡ್ ರೇಟೇ ಕೊಟ್ಟರು.

ಮೊದಲ ತಪ್ಪು ಎರಕದ ನಂಬರನ್ನು ಸಾಕ್ಷಿ ಅಂದುಕೊಂಡದ್ದು. ಅದು ಅಚ್ಚಿನ ನಂಬರ್, ಎಂಜಿನ್ನಿನ ನಂಬರ್ ಅಲ್ಲ. 3970010 ಅಚ್ಚಿನಲ್ಲಿ 1969ರಲ್ಲಿ 302 ಕೂಡ ಬಂತು, 350 ಕೂಡ ಬಂತು. ಆಮೇಲೆ ಎಪ್ಪತ್ತರ ದಶಕದುದ್ದಕ್ಕೂ ಅದೇ ಅಚ್ಚಿನಲ್ಲಿ 350ಗಳು ಬರುತ್ತಲೇ ಇದ್ದವು. ಎರಡಕ್ಕೂ ಬೋರ್ (ಸಿಲಿಂಡರಿನ ವ್ಯಾಸ) 4.000 ಇಂಚೇ. 302ರ ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 3.00 ಇಂಚು, 350ರದ್ದು 3.48. ಆ ವ್ಯತ್ಯಾಸ ಇರುವುದು ಪಿಸ್ಟನ್ ಆಡಿಸುವ ಕ್ರ್ಯಾಂಕ್‌ನಲ್ಲಿ, ಬ್ಲಾಕಿನಲ್ಲಿ ಅಲ್ಲ. ಟ್ರಾನ್ಸ್-ಆಮ್ ರೇಸಿನ 305 ಘನ ಇಂಚಿನ ಮಿತಿಯೊಳಗೆ ಇರಲಿ ಅಂತ ಹುಟ್ಟಿಸಿದ ಎಂಜಿನ್ ಈ 302. ಅದಕ್ಕೆಂದೇ ಬೇರೆ ಬ್ಲಾಕ್ ಮಾಡುವ ಗೋಜಿಗೆ ಯಾರೂ ಹೋಗಲಿಲ್ಲ. ಹಾಗಾಗಿ ಎರಕದ ನಂಬರಿನಿಂದ ‘ಇದು 302 ಅಲ್ಲ’ ಅಂತ ಹೇಳಬಹುದು, ‘ಇದು 302’ ಅಂತ ಹೇಳಲು ಬರುವುದಿಲ್ಲ.

ಆ ನಂಬರನ್ನೂ ಸರಿಯಾಗಿ ಓದಬೇಕು. ಮರಳಿನಲ್ಲಿ ಅಚ್ಚು ಮೂಡಿಸುವ ಮಾದರಿ (ಪ್ಯಾಟರ್ನ್) ಸವೆದಂತೆ ಉಬ್ಬಿದ ಅಂಕಿಗಳ ಅಂಚು ಕರಗುತ್ತದೆ. 1 ಮತ್ತು 2, 3 ಮತ್ತು 8, 0 ಮತ್ತು 6 ಕಲಸಿಹೋಗುತ್ತವೆ. 3970020 ಅನ್ನುವುದು 307ರ ಬ್ಲಾಕ್, ಅದರ ಬೋರ್ 3.875 ಇಂಚು. ಒಂದು ಅಂಕಿ ತಪ್ಪಿ ಓದಿದರೆ ಬೇರೆಯದೇ ಎಂಜಿನ್ ಮನೆಗೆ ಬರುತ್ತದೆ. ನಂಬರ್ ಇರುವುದು ಬ್ಲಾಕಿನ ಹಿಂಭಾಗದಲ್ಲಿ, ಬೆಲ್ ಹೌಸಿಂಗ್ (ಗೇರ್ ಬಾಕ್ಸಿನ ಮುಂದಿನ ಕವಚ) ಕೂರುವ ಅಂಚಿನ ಮೇಲೆ, ಡ್ರೈವರ್ ಕಡೆಗೆ (ಅಮೆರಿಕದ ಗಾಡಿ, ಡ್ರೈವರ್ ಎಡಕ್ಕೆ). ಜಿಡ್ಡು ತೆಗೆದು ಅಂಕಿಗಳ ತಲೆಯ ಮೇಲೆ ಸೀಮೆಸುಣ್ಣ ಅಡ್ಡಡ್ಡ ಉಜ್ಜಿ, ಇಲ್ಲವೇ ತೆಳು ಕಾಗದ ಇಟ್ಟು ಪೆನ್ಸಿಲ್ ಆಡಿಸಿ. ಕಣ್ಣಿಗೆ ಕಾಣದ ಗೆರೆ ಕಾಗದದ ಮೇಲೆ ಮೂಡುತ್ತದೆ.

ಈ ಬ್ಲಾಕಿನ ಗುಟ್ಟು ರಟ್ಟಾದದ್ದು ಅದೇ ಅಂಚಿನ ಇನ್ನೊಂದು ಬದಿಯಲ್ಲಿ. ಅಲ್ಲಿ ಎರಕದ ತಾರೀಖು ಇರುತ್ತದೆ: ತಿಂಗಳಿಗೆ ಒಂದು ಅಕ್ಷರ (ಎ ಜನವರಿ, ಎಲ್ ಡಿಸೆಂಬರ್), ಆಮೇಲೆ ದಿನ, ಕೊನೆಗೆ ವರ್ಷದ ಕೊನೆಯ ಅಂಕಿ. ಫೋಟೊದಲ್ಲಿ ಆ ಜಾಗ ಪೂರ್ತಿ ಗ್ರೀಸ್ ಮೆತ್ತಿತ್ತು. ತೊಳೆದಾಗ ಕಂಡದ್ದು ಎಫ್ 17 9. ಎರಕ ಹೊಯ್ದದ್ದು ಜೂನ್ 17ಕ್ಕೆ, ಎಂಜಿನ್ ಜೋಡಿಸಿದ್ದು ಜೂನ್ 12ಕ್ಕೆ! ಕೂಸು ಹುಟ್ಟುವ ಮುನ್ನ ಕುಲಾವಿ. ಎರಕ ಮೊದಲು, ಜೋಡಣೆ ಆಮೇಲೆ, ಗಾಡಿ ತಯಾರಿ ಕೊನೆಗೆ. ಈ ಕ್ರಮ ತಿರುಗುಮುರುಗಾಗಲು ಸಾಧ್ಯವೇ ಇಲ್ಲ. ಇನ್ನೊಂದು ತೊಡಕೂ ಇದೆ. 9 ಅಂದರೆ 1969 ಆಗಬಹುದು, 1979 ಕೂಡ ಆಗಬಹುದು. ಹತ್ತು ವರ್ಷದ ಅಂತರವನ್ನು ಈ ಒಂದು ಅಂಕಿ ಹೇಳುವುದಿಲ್ಲ. ಅದಕ್ಕೆ ಪ್ಯಾಡ್ ಮೇಲಿನ ಕೋಡ್ ಬೇಕು: 1969ರವರೆಗೆ ಕೊನೆಯಲ್ಲಿ ಎರಡು ಅಕ್ಷರ, 1970ರ ಮಾಡೆಲ್‌ನಿಂದ ಮೂರು. ಆದರೆ ಆ ಪ್ಯಾಡನ್ನೇ ಉಜ್ಜಿ ಹೊಸದಾಗಿ ಕುಟ್ಟಿದ್ದರೆ ಆ ದಾರಿಯೂ ಮುಚ್ಚಿದಂತೆ.

ಕುಟ್ಟಿದ್ದಾರೋ ಇಲ್ಲವೋ ತಿಳಿಯಲು ಪ್ಯಾಡನ್ನು ಹತ್ತಿರದಿಂದ ನೋಡಬೇಕು. ಬಲಗಡೆಯ ಸಿಲಿಂಡರ್ ಹೆಡ್‌ನ ಮುಂದೆ ಚಾಚಿಕೊಂಡಿರುವ ಸಣ್ಣ ಸಪಾಟು ಜಾಗ ಅದು. ಕಾರ್ಖಾನೆಯಲ್ಲಿ ಡೆಕ್ (ಹೆಡ್ ಕೂರುವ ಮೇಲ್ಮೈ) ಜೊತೆಗೇ ಬ್ರೋಚ್ ಮಾಡುತ್ತಿದ್ದರಿಂದ (ಹಲ್ಲಿನ ಉಪಕರಣವನ್ನು ನೇರವಾಗಿ ಎಳೆದು ಸಪಾಟು ಮಾಡುವುದು) ಅದರ ಮೇಲೆ ಕೂದಲೆಳೆಯಂಥ ನೇರ ಗೆರೆಗಳು ಮುಂದಿನಿಂದ ಹಿಂದಕ್ಕೆ, ಕ್ರ್ಯಾಂಕಿಗೆ ಸಮಾಂತರವಾಗಿ ಓಡುತ್ತವೆ. ಟಾರ್ಚನ್ನು ಮೇಲಿನಿಂದ ಹಿಡಿದರೆ ಏನೂ ಕಾಣದು. ಪ್ಯಾಡಿನ ಮಟ್ಟಕ್ಕೆ ಇಳಿಸಿ ಅಡ್ಡಲಾಗಿ ಬೆಳಕು ಬಿಡಿ, ಗೆರೆಗಳು ಎದ್ದು ಕಾಣುತ್ತವೆ. ಈ ಬ್ಲಾಕಿನಲ್ಲಿ ಕಂಡದ್ದು ಬಾಗಿದ ಗೆರೆ, ಅಂದರೆ ತಿರುಗುವ ಕಟರ್ ಆಡಿದ ಗುರುತು. ಅದರ ಮೇಲೆ ಅಂಕಿಗಳು ನಿನ್ನೆ ಕುಟ್ಟಿದಷ್ಟು ಚೂಪು. ಇನ್ನೊಂದು ಸೂಕ್ಷ್ಮ: ಎಂಜಿನ್ ಕೋಡ್ ಕುಟ್ಟುತ್ತಿದ್ದದ್ದು ಎಂಜಿನ್ ಕಾರ್ಖಾನೆಯಲ್ಲಿ, ಗಾಡಿ ನಂಬರ್ ಕುಟ್ಟುತ್ತಿದ್ದದ್ದು ಗಾಡಿ ಜೋಡಿಸುವಲ್ಲಿ. ಊರು ಬೇರೆ, ಪಂಚ್ ಬೇರೆ, ಕುಟ್ಟುವ ಕೈ ಬೇರೆ. ಎರಡೂ ಸಾಲಿನ 1 ಪಡಿಯಚ್ಚಿನಂತೆ ಒಂದೇ ಥರ ಇದ್ದರೆ ಎರಡನ್ನೂ ಒಬ್ಬನೇ ಕುಟ್ಟಿದ್ದಾನೆ ಅಂತಲೇ ಲೆಕ್ಕ.

ಪ್ಯಾಡ್ ಸ್ವಚ್ಛ ಮಾಡಲು ವೈರ್ ಬ್ರಷ್ ಚಕ್ರ, ಮರಳು ಕಾಗದ, ಗ್ರೈಂಡರ್ ಯಾವುದನ್ನೂ ಮುಟ್ಟಿಸಬೇಡಿ. ಅಸಲಿ ಪ್ಯಾಡಿನ ಗೆರೆಯೂ ಅಳಿಸಿಹೋಗಿ ಅಸಲಿ ಬ್ಲಾಕೇ ನಕಲಿಯಂತೆ ಕಾಣುತ್ತದೆ. ಥಿನ್ನರ್ ಮತ್ತು ನೈಲಾನ್ ಬ್ರಷ್ ಸಾಕು.

ಗೆರೆಯನ್ನು ನಕಲು ಮಾಡುವವರೂ ಇದ್ದಾರೆ, ಆದ್ದರಿಂದ ಅಳತೆಗೂ ಹೋಗಿ. ಸ್ಮಾಲ್ ಬ್ಲಾಕಿನಲ್ಲಿ ಕ್ರ್ಯಾಂಕ್ ನಡುರೇಖೆಯಿಂದ ಡೆಕ್‌ಗೆ ಲೆಕ್ಕದ ಅಳತೆ 9.025 ಇಂಚು. ಇಲ್ಲಿ ಸಿಕ್ಕಿದ್ದು 9.005. ಇಂಚಿನ ಇಪ್ಪತ್ತು ಸಾವಿರಾಂಶ ಕತ್ತರಿಸಿದ್ದಾರೆ, ಪ್ಯಾಡ್ ಕೂಡ ಅದೇ ಮಟ್ಟದಲ್ಲಿದೆ. ಹಳೆಯ ಅಂಕಿ ಅಲ್ಲಿ ಉಳಿದಿದ್ದರೂ ಮಸುಕಾಗಿರಬೇಕಿತ್ತು, ಚೂಪಾಗಿರಲು ಹೇಗೆ ಸಾಧ್ಯ? ಜವಾಬ್ದಾರಿಯುಳ್ಳ ಮೆಷಿನಿಸ್ಟ್ ಡೆಕ್ ಕತ್ತರಿಸುವಾಗ ಪ್ಯಾಡಿನ ಮೊದಲೇ ಕಟರ್ ನಿಲ್ಲಿಸುತ್ತಾನೆ, ಪ್ಯಾಡ್ ಒಂದು ಮೆಟ್ಟಿಲಿನಂತೆ ಎತ್ತರಕ್ಕೆ ಉಳಿಯುತ್ತದೆ. ಅಂಥ ಮೆಟ್ಟಿಲು ಕಂಡರೆ ಸಮಾಧಾನದ ಲಕ್ಷಣ.

ಆಯಿಲ್ ಪ್ಯಾನ್ ಬಿಚ್ಚಿದಾಗ ಉಳಿದದ್ದೂ ಮುಗಿಯಿತು. 1969ರ 302ಕ್ಕೆ ಕ್ರ್ಯಾಂಕನ್ನು ಹಿಡಿದಿಡುವ ಐದರಲ್ಲಿ ನಡುವಿನ ಮೂರು ಮೇನ್ ಕ್ಯಾಪ್‌ಗಳಿಗೆ ತಲಾ ನಾಲ್ಕು ಬೋಲ್ಟ್, ಮೊದಲನೆಯದಕ್ಕೂ ಐದನೆಯದಕ್ಕೂ ಎರಡೆರಡು. ಇದರಲ್ಲಿ ಐದಕ್ಕೂ ಎರಡೇ ಬೋಲ್ಟ್. ಆಯಿಲ್ ಫಿಲ್ಟರ್ ಕೂರುವ ಜಾಗದ ಪಕ್ಕ, ಒರಟು ಎರಕದ ಮೇಲೆ, ಬಣ್ಣದ ಪದರದ ಕೆಳಗೆ ಇನ್ನೊಂದು ಗಾಡಿ ನಂಬರ್ ಸಿಕ್ಕಿತು: 19ಎಫ್. ಗಾಡಿ ನಂಬರನ್ನು ಪ್ಯಾಡ್ ಬದಲು ಅಲ್ಲಿ ಕುಟ್ಟುತ್ತಿದ್ದದ್ದೂ ಉಂಟು, ನಕಲಿ ಮಾಡುವವರು ಆ ಮೂಲೆಯನ್ನು ಮರೆಯುತ್ತಾರೆ. 1969ರ ಕಮಾರೊ ನಾರ್ವುಡ್ ಮತ್ತು ವ್ಯಾನ್ ನೈಸ್‌ನಲ್ಲಿ ತಯಾರಾಗುತ್ತಿತ್ತು, ಕೋಡ್ ಎನ್ ಮತ್ತು ಎಲ್. ಎಫ್ ಅಂದರೆ ಫ್ಲಿಂಟ್, ಅಲ್ಲಿ ತಯಾರಾಗುತ್ತಿದ್ದದ್ದು ದೊಡ್ಡ ಶೆವರ್ಲೆಗಳು.

ಮಾರಿದವನು ಕೊನೆಗೆ ಹಿಡಿದ ವಾದ, ಟೈಮಿಂಗ್ ಕವರ್ ಕೆಳಗೆ 010, 020 ಅಂತ ಎರಕದಲ್ಲಿ ಮೂಡಿದೆ, ಅಂದರೆ 10 ಪರ್ಸೆಂಟ್ ತವರ, 20 ಪರ್ಸೆಂಟ್ ನಿಕಲ್, ಹಾಗಾಗಿ ರೇಸ್ ಬ್ಲಾಕ್ ಅನ್ನುವುದು. ಈ ಮಾತು ದಶಕಗಳಿಂದ ಓಡಾಡುತ್ತಿದೆ. 20 ಪರ್ಸೆಂಟ್ ನಿಕಲ್ ಹಾಕಿದ ಎರಕದ ಕಬ್ಬಿಣಕ್ಕೆ ಅಯಸ್ಕಾಂತ ಸರಿಯಾಗಿ ಅಂಟುವುದೇ ಇಲ್ಲ. ಈ ಬ್ಲಾಕಿಗೆ ಒಂದು ಅಯಸ್ಕಾಂತ ಹಚ್ಚಿ ನೋಡಿ, ಕಿತ್ತರೂ ಬರುವುದಿಲ್ಲ.

350 ಅಂತಲಾದರೂ ಇಟ್ಟುಕೊಳ್ಳೋಣ ಅಂದರೆ ಬೋರ್ ಆಗಲೇ 4.060ಕ್ಕೆ ಹೋಗಿತ್ತು. ಕ್ಯಾಮ್ ಬೇರಿಂಗ್ ತೂತಿನ ಸುತ್ತ ಲೋಹ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಎರಕದಲ್ಲಿ ಕೋರ್ (ಒಳಗಿನ ಟೊಳ್ಳು ಮೂಡಿಸುವ ಮರಳಿನ ಅಚ್ಚು) ಸರಿದ ಗುರುತು ಅದು. ಇಂಥದ್ದನ್ನು ಸಾನಿಕ್ ಟೆಸ್ಟ್ (ಶಬ್ದತರಂಗದ ಅಳತೆ) ಮಾಡಿಸಿ ಗೋಡೆಯ ದಪ್ಪ ನೋಡದೆ ಮತ್ತೆ ಬೋರ್ ಮಾಡಿಸಿದರೆ ಸಿಲಿಂಡರ್ ಗೋಡೆ ಸೀಳಿ ನೀರು ಒಳಗೆ ಬರುತ್ತದೆ.

ದುಡ್ಡು ವಾಪಸ್ ಬರಲಿಲ್ಲ. ರಸೀದಿಯಲ್ಲಿ ‘ಇದ್ದ ಹಾಗೆ’ ಅಂತ ಮಾತ್ರ ಬರೆದಿತ್ತು, 302 ಅನ್ನುವ ಅಂಕಿ ಎಲ್ಲೂ ಇರಲಿಲ್ಲ. ಮಾರುವವನಿಂದ ಎರಕದ ತಾರೀಖು, ಅಡ್ಡ ಬೆಳಕಿನಲ್ಲಿ ಪ್ಯಾಡ್, ಬಣ್ಣ ತೆಗೆದ ಫಿಲ್ಟರ್ ಮೂಲೆ, ಮೇನ್ ಕ್ಯಾಪ್, ಬೋರಿನೊಳಗೆ ವರ್ನಿಯರ್, ಇಷ್ಟರ ಫೋಟೊ ತರಿಸಿಕೊಳ್ಳಿ. ರಸೀದಿಯಲ್ಲಿ ‘1969ರ 302, ಪ್ಯಾಡ್ ಮರುಪಂಚ್ ಆಗಿಲ್ಲ, ಆಗಿದ್ದರೆ ಪೂರ್ತಿ ಹಣ ವಾಪಸ್’ ಅಂತ ಅವನ ಕೈಯಲ್ಲೇ ಬರೆಸಿ. ಅಸಲಿ ಸರಕು ಇಟ್ಟುಕೊಂಡವನು ಅದಕ್ಕೆ ತಕರಾರು ತೆಗೆದದ್ದು ಕಡಿಮೆ.