ಕಸದ ಗಾಡಿಯ ಮೈಕು ಮತ್ತು ಪುರಸಭೆಯ ಸೂಚನಾ ಫಲಕ

ಪಟ್ಟಣ ಪಂಚಾಯಿತಿಗಿಂತ ದೊಡ್ಡದೂ ನಗರಸಭೆಗಿಂತ ಚಿಕ್ಕದೂ ಆದ, 20 ಸಾವಿರದಿಂದ 50 ಸಾವಿರ ಜನಸಂಖ್ಯೆಯ ವರ್ಗಕ್ಕೆ ಸೇರಿದ ಒಂದು ಪುರಸಭೆಯು ಆಶ್ವಯುಜ ಮತ್ತು ಕಾರ್ತಿಕ ಮಾಸಗಳಲ್ಲಿ ತನ್ನ ನಿವಾಸಿಗಳಿಗೆ ಒದಗಿಸುವ ಸೇವೆಗಳ ವಿಮರ್ಶೆಯಿದು. ಊರಿನ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಒಬ್ಬ ಅಧಿಕಾರಿಯನ್ನೋ ಒಂದು ಕಚೇರಿಯನ್ನೋ ದೂರುವುದು ನನ್ನ ಉದ್ದೇಶವಲ್ಲ. ಮೇಲಾಗಿ ರಾಜ್ಯದ ಪುರಸಭೆಗಳೆಲ್ಲ ಒಂದೇ ಕಾಯ್ದೆ, ಒಂದೇ ನಮೂನೆಯ ಅರ್ಜಿಗಳಲ್ಲಿ ನಡೆಯುವುದರಿಂದ ಓದುಗರು ತಮ್ಮ ಊರನ್ನೇ ಮನಸ್ಸಿನಲ್ಲಿಟ್ಟುಕೊಂಡು ಓದಿದರೂ ಹೆಚ್ಚಿನ ವ್ಯತ್ಯಾಸವಾಗದು. ಶರದೃತುವನ್ನು ಆರಿಸಿಕೊಂಡಿರುವುದು ಮಾತ್ರ ಕಾರಣವಿಲ್ಲದೆ ಅಲ್ಲ. ಮಹಾಲಯ ಅಮಾವಾಸ್ಯೆ ಮುಗಿದ ಮರುದಿನದಿಂದ ತುಳಸಿ ಹಬ್ಬದವರೆಗೆ ಊರಿನ ಕಸ ಎರಡು ಪಟ್ಟಾಗುತ್ತದೆ, ಚಿತ್ತೆ ಸ್ವಾತಿ ಮಳೆಗಳು ಬಂದು ನಿಂತು ಸೊಳ್ಳೆಗಳನ್ನು ಹೆಚ್ಚಿಸುತ್ತವೆ, ಸಂಜೆ ಬೇಗ ಕತ್ತಲಾಗಿ ಬೀದಿದೀಪದ ಬೆಲೆ ತಿಳಿಯುತ್ತದೆ, ಕಟ್ಟದೆ ಉಳಿದ ಆಸ್ತಿ ತೆರಿಗೆಗೆ ತಿಂಗಳು ತಿಂಗಳು ದಂಡ ಏರುತ್ತಿರುತ್ತದೆ. ಪುರಸಭೆಯ ಬಲ ಮತ್ತು ದೌರ್ಬಲ್ಯ ಎರಡೂ ಒಟ್ಟಿಗೆ ಕಾಣುವ ಕಾಲ ವರ್ಷದಲ್ಲಿ ಬೇರೊಂದಿಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಪುರಸಭೆಯಲ್ಲಿ ಕೆಲಸ ನಡೆಯುತ್ತದೆ, ಹಲವು ಸಲ ಚೆನ್ನಾಗಿಯೇ ನಡೆಯುತ್ತದೆ. ನಡೆಯದಿರುವುದು ಸುದ್ದಿ. ಯಾವ ದಿನ ಏನಿದೆ, ಏನಿಲ್ಲ, ಯಾವುದಕ್ಕೆ ಯಾವುದು ಕೊನೆಯ ದಿನ ಎಂಬುದು ಸಕಾಲದಲ್ಲಿ ಮನೆಗೆ ತಲುಪಿದ ಕಡೆ ಸೇವೆ ಸಲೀಸಾಗಿದೆ. ತಲುಪದ ಕಡೆ ಅದೇ ಸಿಬ್ಬಂದಿ, ಅದೇ ಹಣ ಇದ್ದರೂ ಜನ ಬೈದುಕೊಂಡೇ ಹಿಂದಿರುಗುತ್ತಾರೆ.

ಸುದ್ದಿ ತಲುಪಿಸುವುದರಲ್ಲಿ ಮೊದಲ ಸ್ಥಾನ ಕಸದ ಗಾಡಿಗೆ ಸಲ್ಲಬೇಕು. ಬೆಳಿಗ್ಗೆ ಬರುವ ಆಟೊ ಟಿಪ್ಪರ್‌ನ ಮೇಲೆ ಕಟ್ಟಿದ ಮೈಕಿನಲ್ಲಿ ಸ್ವಚ್ಛತೆಯ ಹಾಡು ಮೊದಲು ಬರುತ್ತದೆ, ಅದನ್ನು ಈಗ ಯಾರೂ ಕೇಳಿಸಿಕೊಳ್ಳುವುದಿಲ್ಲ. ಆದರೆ ಹಾಡು ನಿಂತು ಚಾಲಕನ ಸ್ವಂತ ಧ್ವನಿ ಬಂತೆಂದರೆ ಒಲೆಯ ಮುಂದಿದ್ದವರೂ ಬಾಗಿಲಿಗೆ ಬರುತ್ತಾರೆ. ಸೆಪ್ಟೆಂಬರ್ 23 ರಾಜ್ಯದಲ್ಲಿ ಪೌರಕಾರ್ಮಿಕರ ದಿನ. ಆ ದಿನ ಅವರಿಗೆ ರಜೆ, ಗಾಡಿ ಇರುವುದಿಲ್ಲ. ಹಿಂದಿನ ಬೆಳಿಗ್ಗೆಯೇ ಮೈಕಿನಲ್ಲಿ, "ನಾಳೆ ನಮ್ಮ ಹಬ್ಬ, ಗಾಡಿ ಬರಲ್ಲ ಅಕ್ಕಾ, ಹಸಿ ಕಸ ಇವತ್ತೇ ಹಾಕ್ಬಿಡಿ, ಒಣ ಕಸ ಮನೇಲೇ ಇಟ್ಕೊಳ್ಳಿ" ಎಂದು ಬೀದಿ ಬೀದಿಯಲ್ಲೂ ಹೇಳಿಕೊಂಡು ಹೋದರು. ಮರುದಿನ ನಮ್ಮ ಬಡಾವಣೆಯ ಮೂಲೆಯಲ್ಲಿ ಒಂದು ಚೀಲವೂ ಬಿದ್ದಿರಲಿಲ್ಲ. ಇದೇ ವಿಷಯ ಕಚೇರಿಯ ಸೂಚನಾ ಫಲಕದಲ್ಲಿ ಕಾಣಿಸಲೇ ಇಲ್ಲ. ಕಾಣಿಸಿದ್ದರೂ ಅಲ್ಲಿಗೆ ಹೋಗಿ ಓದುವವರು ಯಾರು ಎಂಬುದು ಬೇರೆ ಮಾತು.

ಕಸ ವಿಂಗಡಣೆಯ ವಿಷಯದಲ್ಲಿಯೂ ಈ ಗಾಡಿಯವರಿಗೆ ಒಳ್ಳೆಯ ಅಂಕ ಕೊಡಬೇಕು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಹಸಿ, ಒಣ ಮತ್ತು ಗೃಹಬಳಕೆಯ ಅಪಾಯಕಾರಿ ತ್ಯಾಜ್ಯವನ್ನು ಮನೆಯಲ್ಲೇ ಬೇರ್ಪಡಿಸಿ ಕೊಡಬೇಕೆಂದಿದ್ದವು. ನಿಯಮದ ಹೆಸರು ಗೊತ್ತಿಲ್ಲದ ಮನೆಗಳಲ್ಲೂ ಇಂದು ಎರಡು ಬಕೆಟ್ ಇರುವುದು, ಒಟ್ಟಾಗಿ ಸುರಿದದ್ದನ್ನು ಗಾಡಿಯ ಹುಡುಗ ಮುಖಕ್ಕೆ ಹೇಳಿ ಹಿಂದಿರುಗಿಸಿದ್ದರಿಂದ. ಡಯಾಪರ್, ಸ್ಯಾನಿಟರಿ ಪ್ಯಾಡ್‌ಗಳನ್ನು ಕಾಗದದಲ್ಲಿ ಸುತ್ತಿ ಬೇರೆ ಕೊಡುವ ಅಭ್ಯಾಸ ಮಾತ್ರ ಇನ್ನೂ ಬಂದಿಲ್ಲ. ಅದನ್ನು ಕುರಿತು ಮೈಕಿನಲ್ಲಿ ಹೇಳಲು ಅವರಿಗೆ ಸಂಕೋಚ, ಕೇಳಲು ನಮಗೆ ಸಂಕೋಚ.

ನಿಜವಾದ ಪರೀಕ್ಷೆ ಆಯುಧಪೂಜೆಯದು. ಮಹಾನವಮಿಯ ಹಿಂದಿನ ಸಂಜೆ ಬಸ್ ನಿಲ್ದಾಣದ ಮುಂದೆ ಬಾಳೆಕಂಬ, ಮಾವಿನ ಸೊಪ್ಪು, ಚೆಂಡುಹೂ ಮತ್ತು ಬೂದುಗುಂಬಳದ ರಾಶಿಗಳು ಬೀಳುತ್ತವೆ. ಮಾರಾಟವಾಗದೆ ಉಳಿದದ್ದನ್ನು ಸುತ್ತಲಿನ ಹಳ್ಳಿಗಳಿಂದ ಬಂದ ವ್ಯಾಪಾರಿಗಳು ಅಲ್ಲೇ ಬಿಟ್ಟು ಹೋಗುತ್ತಾರೆ. ಮರುದಿನ ಗ್ಯಾರೇಜು, ಅಕ್ಕಿ ಗಿರಣಿ, ಆಟೊ ನಿಲ್ದಾಣ, ಬ್ಯಾಂಕು, ಕೊನೆಗೆ ಪುರಸಭೆಯ ಸ್ವಂತ ಜೆಸಿಬಿಯ ಮುಂದೆಯೂ ಕುಂಬಳಕಾಯಿ ಒಡೆಯಲಾಗುತ್ತದೆ. ಕುಂಕುಮ ತುಂಬಿದ ಕುಂಬಳದ ತಿರುಳು ಡಾಂಬರಿನ ಮೇಲೆ ಹರಡಿಕೊಂಡಾಗ ಅದರ ನೀರು ರಸ್ತೆಯನ್ನು ಎಣ್ಣೆ ಸವರಿದಂತೆ ಮಾಡುತ್ತದೆ. ಅದರೊಳಗಿನ ಚಿಲ್ಲರೆ ಕಾಸು ಆರಿಸಲು ಮಕ್ಕಳು ರಸ್ತೆಯ ನಡುವೆ ಬಗ್ಗುತ್ತಾರೆ, ತಿರುವಿನಲ್ಲಿ ಬರುವ ದ್ವಿಚಕ್ರ ವಾಹನ ಜಾರುತ್ತದೆ. ರಸ್ತೆಯಲ್ಲಿ ಒಡೆಯಬೇಡಿ, ಒಡೆದರೂ ತಿರುಳನ್ನು ಬದಿಗೆ ಸರಿಸಿ ಎಂಬ ಮನವಿ ಪ್ರತಿ ವರ್ಷವೂ ಪೊಲೀಸರ ಕಡೆಯಿಂದ ಬರುತ್ತದೆ. ಪುರಸಭೆ ಈ ಸಲ ಮನವಿಗೆ ನಿಲ್ಲದೆ, ಪೂಜೆಯ ಸಂಜೆಯೇ ಮುಖ್ಯರಸ್ತೆಯಲ್ಲಿ ಇಬ್ಬರನ್ನು ಸಲಿಕೆ ಮತ್ತು ಮರಳಿನ ತಳ್ಳುಗಾಡಿಯೊಂದಿಗೆ ನಿಲ್ಲಿಸಿತ್ತು. ತಿರುಳನ್ನು ಎತ್ತಿ, ಮೇಲೆ ಒಂದು ಹಿಡಿ ಮರಳು ಎರಚಿ ಮುಂದೆ ಹೋಗುವುದಷ್ಟೇ ಅವರ ಕೆಲಸ. ಇಷ್ಟು ಸರಳವಾದ, ಇಷ್ಟು ಕಡಿಮೆ ಖರ್ಚಿನ ಏರ್ಪಾಡನ್ನು ನಾನು ದೊಡ್ಡ ನಗರಗಳಲ್ಲಿಯೂ ನೋಡಿಲ್ಲ.

ಬಾಳೆಕಂಬದ ವಿಷಯದಲ್ಲಿ ಇದೇ ಹೊಗಳಿಕೆಯನ್ನು ಮುಂದುವರಿಸಲಾರೆ. ಆಳೆತ್ತರದ ಕಂಬಗಳು ಆಟೊ ಟಿಪ್ಪರ್‌ನ ಡಬ್ಬದಲ್ಲಿ ಹಿಡಿಯುವುದಿಲ್ಲ, ಅವಕ್ಕೆ ಟ್ರ್ಯಾಕ್ಟರ್ ಟ್ರೇಲರೇ ಬೇಕು. ಕಂಬದ ತೂಕದಲ್ಲಿ ಬಹುಪಾಲು ನೀರೇ ಇರುವುದರಿಂದ ಒಂದು ದಿನ ಬಿಸಿಲಿಗೆ ಬಿಟ್ಟರೂ ಅದು ಒಣಗುವುದಿಲ್ಲ, ಕೊಳೆಯುತ್ತದೆ; ನಾರು ಉದ್ದವಾಗಿರುವುದರಿಂದ ಕತ್ತರಿಸುವ ಯಂತ್ರಕ್ಕೆ ಹಾಕಿದರೆ ಸುತ್ತಿಕೊಂಡು ಯಂತ್ರವೇ ನಿಲ್ಲುತ್ತದೆ. ಇದೆಲ್ಲ ಪರಿಸರ ಎಂಜಿನಿಯರರಿಗೆ ಚೆನ್ನಾಗಿ ಗೊತ್ತಿದೆ, ಅದಕ್ಕೇ ವಿಜಯದಶಮಿಯ ಮರುದಿನ ಟ್ರ್ಯಾಕ್ಟರ್ ಕಳಿಸುವ ವ್ಯವಸ್ಥೆಯನ್ನೂ ಮಾಡಿದ್ದರು. ಆದರೆ ಯಾವ ಬೀದಿಗೆ ಯಾವ ಹೊತ್ತಿಗೆ ಬರುತ್ತದೆಂದು ಯಾರಿಗೂ ಹೇಳಲಿಲ್ಲ. ಹೀಗಾಗಿ ಅರ್ಧ ಊರು ಟ್ರ್ಯಾಕ್ಟರ್ ಹೋದ ಮೇಲೆ ಕಂಬಗಳನ್ನು ಹೊರಗಿಟ್ಟಿತು, ಅವು ದೀಪಾವಳಿ ಹತ್ತಿರವಾದರೂ ಚರಂಡಿಯ ಪಕ್ಕದಲ್ಲೇ ಮಲಗಿದ್ದವು. ಹಸು ಕಟ್ಟಿದವರು ಕೆಲವರು ತಾವಾಗಿ ಬಂದು ಕೊಂಡೊಯ್ದು ಕೊಚ್ಚಿ ಹಾಕಿಕೊಂಡರು. ಮಾರನೆಯ ದಿನ ಊರಿನ ಹಾಲಿನ ಡೇರಿಯಲ್ಲಿ ಒಂದು ಮಾತು ಹಾಕಿದ್ದರೆ ಅರ್ಧ ರಾಶಿ ಅಲ್ಲೇ ಕರಗುತ್ತಿತ್ತು ಎಂದು ನನಗನ್ನಿಸುತ್ತದೆ.

ದೀಪಾವಳಿಯ ಪಟಾಕಿ ಮಾರಾಟದ ಏರ್ಪಾಡು ಈ ಋತುವಿನ ಅತ್ಯಂತ ಶಿಸ್ತಿನ ಕೆಲಸ. ಮೊದಲು ಪೇಟೆ ಬೀದಿಯ ಕಿರಾಣಿ ಅಂಗಡಿಗಳ ಮುಂದೆಯೇ ಪೆಟ್ಟಿಗೆಗಳನ್ನು ಪೇರಿಸಿ ಮಾರುತ್ತಿದ್ದರು. 2023ರ ಅಕ್ಟೋಬರ್‌ನಲ್ಲಿ ಅತ್ತಿಬೆಲೆಯ ಪಟಾಕಿ ಮಳಿಗೆಯಲ್ಲಿ ಸಂಭವಿಸಿದ ಅಗ್ನಿ ದುರಂತದ ನಂತರ ಯಾರೂ ಅದನ್ನು ಹಗುರವಾಗಿ ತೆಗೆದುಕೊಳ್ಳುತ್ತಿಲ್ಲ. ಈಗ ತಾತ್ಕಾಲಿಕ ಮಳಿಗೆಗಳೆಲ್ಲ ಊರ ಹೊರಗಿನ ಮೈದಾನದಲ್ಲಿ. 2008ರ ಸ್ಫೋಟಕ ನಿಯಮಗಳ ಪ್ರಕಾರ ಬೆಂಕಿ ಹತ್ತದ ಸಾಮಗ್ರಿಯಿಂದ ಮಾಡಿದ ಶೆಡ್ಡುಗಳು ಒಂದರಿಂದ ಒಂದಕ್ಕೆ ಕನಿಷ್ಠ 3 ಮೀಟರ್ ಅಂತರದಲ್ಲಿರಬೇಕು, ಎದುರುಬದುರಾಗಿರಬಾರದು. ಮೈದಾನದಲ್ಲಿ ಸುಣ್ಣದ ಗೆರೆ ಎಳೆದು ಇದನ್ನು ಪಾಲಿಸಿದ್ದನ್ನು ಕಣ್ಣಾರೆ ನೋಡಿದೆ. ತಗಡಿನ ಶೆಡ್ಡಿನ ಬದಿಯಲ್ಲಿ ಮರಳಿನ ಬಕೆಟ್, ನೀರಿನ ಡ್ರಮ್ಮು, ಮೈದಾನದ ಬಾಗಿಲಲ್ಲಿ ಅಗ್ನಿಶಾಮಕ ವಾಹನ ಎಲ್ಲವೂ ಇದ್ದವು. ಹಸಿರು ಪಟಾಕಿಯ ಪೆಟ್ಟಿಗೆಯ ಮೇಲಿನ ಕ್ಯೂಆರ್ ಕೋಡನ್ನು ಎಷ್ಟು ಜನ ನೋಡಿ ಕೊಂಡರೋ ಹೇಳಲಾರೆ. ರಾತ್ರಿ 8ರಿಂದ 10 ಗಂಟೆಯವರೆಗೆ ಮಾತ್ರ ಎಂಬ 2018ರ ಸುಪ್ರೀಂ ಕೋರ್ಟ್ ಆದೇಶವನ್ನು ನಮ್ಮ ಬೀದಿ ಎಷ್ಟರಮಟ್ಟಿಗೆ ಪಾಲಿಸಿತೆಂಬುದನ್ನು ಕೇಳದಿರುವುದೇ ಮೇಲು. ಅದರ ಹೊಣೆ ಪುರಸಭೆಯದಲ್ಲ. ಬಲಿಪಾಡ್ಯಮಿಯ ಬೆಳಿಗ್ಗೆ ಸುಟ್ಟ ಕಾಗದವನ್ನು ಹಸಿ ಕಸದ ಬಕೆಟ್ಟಿಗೆ ಹಾಕಲು ಬಿಡದೆ ಪ್ರತ್ಯೇಕ ಗೋಣಿಚೀಲದಲ್ಲಿ ತುಂಬಿಸಿಕೊಂಡು ಹೋದರು, ಅದು ಪುರಸಭೆಯ ಹೆಗ್ಗಳಿಕೆ.

ಡೆಂಗಿ ವಿಷಯದಲ್ಲಿ ಹೇಳುವುದು ಕಡಿಮೆ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡವನ್ನೂ ಗೊತ್ತುಮಾಡಿದ ಮೇಲೆ ಆಶಾ ಕಾರ್ಯಕರ್ತೆಯರು ತೊಟ್ಟಿ, ಡ್ರಮ್ಮು, ಫ್ರಿಜ್ಜಿನ ಹಿಂಬದಿಯ ತಟ್ಟೆ ಇವುಗಳನ್ನು ಟಾರ್ಚು ಹಾಕಿ ನೋಡುತ್ತಾರೆ. ಆ ಕೆಲಸ ಅಚ್ಚುಕಟ್ಟು. ಸಂಜೆ ಫಾಗಿಂಗ್ ಯಂತ್ರ ಹೊಗೆ ಬಿಡುತ್ತಾ ಹೋಗುವುದು ನೋಡಲು ಭರ್ಜರಿ. ಹಗಲು ಕಚ್ಚುವ, ಮನೆಯೊಳಗಿನ ಸ್ವಚ್ಛ ನೀರಿನಲ್ಲಿ ಮೊಟ್ಟೆಯಿಡುವ ಈಡಿಸ್ ಸೊಳ್ಳೆಗೆ ಆ ಹೊಗೆಗಿಂತ ವಾರಕ್ಕೊಮ್ಮೆ ತೊಟ್ಟಿ ಉಜ್ಜುವುದೇ ಮಾರಕ.

ಕುಡಿಯುವ ನೀರಿನ ಸೇವೆಗೆ ಬರೋಣ. ನಮ್ಮಲ್ಲಿ ದಿನ ಬಿಟ್ಟು ದಿನ ನೀರು. ವಾಲ್ವ್ ತಿರುಗಿಸುವವರು ಬೀದಿಗೆ ಪರಿಚಿತರು, ನೀರು ತಡವಾದರೆ ಅವರ ಮೊಬೈಲಿಗೇ ಕರೆ ಹೋಗುತ್ತದೆ. ಮಳೆಗಾಲದ ಕೊನೆಯಲ್ಲಿ ಹೊಳೆಯ ನೀರು ಕೆಂಪಗಿದ್ದಾಗ ನಲ್ಲಿಯ ನೀರನ್ನು ಪುಟ್ಟ ಗಾಜಿನ ನಳಿಕೆಯಲ್ಲಿ ಹಿಡಿದು, ಎರಡು ಹನಿ ದ್ರಾವಣ ಹಾಕಿ, ಹಳದಿ ಬಣ್ಣ ಎಷ್ಟು ಏರಿತೆಂದು ಪಟ್ಟಿಯೊಂದಿಗೆ ಹೋಲಿಸಿ ನೋಡುವ ಕ್ಲೋರಿನ್ ಪರೀಕ್ಷೆಯನ್ನು ಈ ಸಲ ನಮ್ಮ ಮನೆಯ ನಲ್ಲಿಯಲ್ಲೇ ಮಾಡಿದರು. ನಲ್ಲಿಯ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು, ಉಳಿದಿತ್ತು. ಸಂತೋಷ. ಆದರೆ ದಸರೆಗೆ ಮುಂಚೆ ಮೇಲ್ಮಟ್ಟದ ಜಲಸಂಗ್ರಹಾಗಾರವನ್ನು ತೊಳೆಯಲು ಸರಬರಾಜು ನಿಲ್ಲಿಸಿದಾಗ ಪ್ರಕಟಣೆ ಜಿಲ್ಲಾ ಪತ್ರಿಕೆಯ ಒಳಪುಟದಲ್ಲಿ, ಅದೂ ನೀರು ನಿಂತ ದಿನವೇ ಬಂತು. ಮನೆ ತುಂಬ ನೆಂಟರಿರುವ ವಾರದಲ್ಲಿ ತೊಟ್ಟಿ ತುಂಬಿಸಿಕೊಳ್ಳಲು ಒಂದು ದಿನದ ಮುನ್ಸೂಚನೆ ಸಾಕಿತ್ತು. ಆ ಬೆಳಿಗ್ಗೆಯೂ ಕಸದ ಗಾಡಿ ಮನೆ ಮುಂದೆ ಬಂದಿತ್ತು, ಮೈಕೂ ಇತ್ತು, ಹಾಡು ಮಾತ್ರ ಕೇಳಿಸಿತು. ಆರೋಗ್ಯ ಶಾಖೆಯ ಗಾಡಿಯಲ್ಲಿ ನೀರು ಸರಬರಾಜು ಶಾಖೆಯ ಸುದ್ದಿ ಹೇಳಬಾರದೆಂದು ಎಲ್ಲಿಯೂ ಬರೆದಿಲ್ಲ; ಹೇಳಿ ಎಂದು ಹೇಳುವವರು ಇಲ್ಲ, ಅಷ್ಟೆ.

ಕಚೇರಿಯೊಳಗಿನ ಸೇವೆಯೇ ಎಲ್ಲಕ್ಕಿಂತ ಹಿಂದೆ ಬಿದ್ದಿದೆ. ಆಸ್ತಿ ತೆರಿಗೆಯನ್ನು ಏಪ್ರಿಲ್ ತಿಂಗಳೊಳಗೆ ಪೂರ್ತಿ ಕಟ್ಟಿದರೆ ಶೇ 5ರ ರಿಯಾಯಿತಿ, ಮೇ ಮತ್ತು ಜೂನ್‌ನಲ್ಲಿ ರಿಯಾಯಿತಿಯೂ ಇಲ್ಲ ದಂಡವೂ ಇಲ್ಲ, ಜುಲೈನಿಂದ ತಿಂಗಳಿಗೆ ಶೇ 2 ದಂಡ. ಇದು ಒಂದು ವಾಕ್ಯದಲ್ಲಿ ಮುಗಿಯುವ ಮಾಹಿತಿ. ಆದರೂ ಅಕ್ಟೋಬರ್‌ನಲ್ಲಿ ಕೌಂಟರಿನ ಮುಂದೆ ನಿಂತವರಲ್ಲಿ ಬಹಳ ಮಂದಿಗೆ ದಂಡದ ವಿಷಯ ಚಲನ್ ಕೈಗೆ ಬಂದ ಮೇಲೆಯೇ ತಿಳಿಯಿತು. ಸೂಚನಾ ಫಲಕ ಬೀಗ ಹಾಕಿದ ಗಾಜಿನ ಪೆಟ್ಟಿಗೆಯೊಳಗಿದೆ. ಒಳಗೆ ಹರಾಜು ಪ್ರಕಟಣೆ, ಅದರ ಮೇಲೆ ಟೆಂಡರ್ ಪ್ರಕಟಣೆ, ಅದರ ಮೇಲೆ ಮತ್ತೊಂದು ಟೆಂಡರ್. ಸಾಮಾನ್ಯ ನಿವಾಸಿಗೆ ಬೇಕಾದ ದಿನಾಂಕಗಳಿಗೆ ಅದರಲ್ಲಿ ಜಾಗವಿಲ್ಲ. ಜಾಲತಾಣದ ಹೊಸ ಸುದ್ದಿಯ ಅಂಕಣದಲ್ಲಿ ಹೊಸದೆಂದು ಮಿನುಗುವ ಸೂಚನೆ ಯಾವ ವರ್ಷದ್ದೆಂದು ನೋಡಿ ನಗಬೇಕಾಯಿತು.

ಇ-ಖಾತಾ, ಅಂದರೆ ಆಸ್ತಿಯ ಗಣಕೀಕೃತ ಖಾತೆಯ ವಿಷಯದಲ್ಲಿ ಗೊಂದಲ ಇನ್ನೂ ಹೆಚ್ಚು. 2024ರ ಅಕ್ಟೋಬರ್‌ನಿಂದ ನಗರ ಪ್ರದೇಶದ ಆಸ್ತಿ ನೋಂದಣಿಗೆ ಇ-ಖಾತಾ ಕಡ್ಡಾಯವಾದದ್ದರಿಂದ, ಮಗಳ ಮದುವೆಗೋ ಸಾಲಕ್ಕೋ ನಿವೇಶನ ಮಾರಬೇಕಾದವರು ದಸರಾ ರಜೆಯಲ್ಲಿ ಊರಿಗೆ ಬಂದು ಇದೇ ಕೌಂಟರಿನ ಮುಂದೆ ನಿಲ್ಲುತ್ತಾರೆ. ಕ್ರಯಪತ್ರ, ಋಣಭಾರ ಪ್ರಮಾಣಪತ್ರ, ತೆರಿಗೆ ರಸೀದಿ, ಆಧಾರ್, ಮಾಲೀಕರ ಮತ್ತು ಆಸ್ತಿಯ ಫೋಟೊ ಬೇಕೆಂಬುದನ್ನು ಒಂದು ಚೀಟಿಯಲ್ಲಿ ಅಚ್ಚು ಹಾಕಿಸಿ ಬಾಗಿಲಲ್ಲಿ ಕೊಟ್ಟರೆ ಸಾಕು. ಈಗ ಒಂದು ದಾಖಲೆ ತಂದರೆ ಮತ್ತೊಂದು ಕೇಳುತ್ತಾರೆ. ಬೆಂಗಳೂರಿನಿಂದ ಎರಡು ದಿನದ ರಜೆಯಲ್ಲಿ ಬಂದವರಿಗೆ ಅದು ಮುಂದಿನ ಹಬ್ಬದ ಮಾತಾಗುತ್ತದೆ. ಸಿಬ್ಬಂದಿ ಕಡಿಮೆಯಿರುವುದು ನಿಜ, ಮೇಜಿನ ಹಿಂದಿದ್ದವರು ಒರಟಾಗಿ ಮಾತನಾಡಲಿಲ್ಲ ಎಂಬುದೂ ನಿಜ. ಕಚೇರಿಯ ಎದುರಿನ ಜೆರಾಕ್ಸ್ ಅಂಗಡಿಯವರಿಗೆ ಪಟ್ಟಿ ಪೂರ್ತಿ ಬಾಯಿಪಾಠವಿದೆ, ಅವರು ಕೇಳಿದವರಿಗೆಲ್ಲ ಬೇಸರವಿಲ್ಲದೆ ಹೇಳುತ್ತಾರೆ. ಪುರಸಭೆಯ ಅತ್ಯುತ್ತಮ ಮಾಹಿತಿ ಕೇಂದ್ರ ಪುರಸಭೆಯ ಹೊರಗಿದೆ.

ಅಂಕ ಕೊಡಲೇಬೇಕಾದರೆ ಐದರಲ್ಲಿ ಕಸಕ್ಕೆ ನಾಲ್ಕು, ಪಟಾಕಿ ಮೈದಾನಕ್ಕೆ ನಾಲ್ಕೂವರೆ, ನೀರಿಗೆ ಮೂರು, ಕಚೇರಿಗೆ ಎರಡು. ಊರಿಗೆ ಹೊಸದಾಗಿ ಬಾಡಿಗೆಗೆ ಬಂದವರಿಗೆ ಉಪಯೋಗವಾಗುವ ಒಂದೆರಡು ಮಾತು ಸೇರಿಸುತ್ತೇನೆ. ಸಕಾಲ, ಅಂದರೆ ಗೊತ್ತುಮಾಡಿದ ದಿನಗಳೊಳಗೆ ಸೇವೆ ಕೊಡಬೇಕೆನ್ನುವ ಕಾಯ್ದೆಯ ವ್ಯಾಪ್ತಿಯ ಯಾವುದೇ ಅರ್ಜಿ ಕೊಟ್ಟಾಗ ಸ್ವೀಕೃತಿ ಮತ್ತು ಅದರ ಮೇಲಿನ ಜಿಎಸ್‌ಸಿ ಸಂಖ್ಯೆಯನ್ನು (ಅರ್ಜಿಯ ಗುರುತಿನ ಸಂಖ್ಯೆ) ಕೇಳಿ ಪಡೆಯಿರಿ. ಅವಧಿ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕು ಆ ಸಂಖ್ಯೆಯಿದ್ದರೆ ಮಾತ್ರ ಚಲಾಯಿಸಲು ಬರುತ್ತದೆ. ಬೀದಿದೀಪ ಕೆಟ್ಟರೆ ಬೀದಿಯ ಹೆಸರು ಹೇಳಿ ದೂರು ಕೊಡಬೇಡಿ, ಕಂಬದ ಮೇಲೆ ಬಣ್ಣದಲ್ಲಿ ಬರೆದ ಸಂಖ್ಯೆಯನ್ನು ಹಗಲಲ್ಲೇ ನೋಡಿ ಬರೆದಿಟ್ಟುಕೊಳ್ಳಿ. ಸಂಖ್ಯೆ ಹೇಳಿದ ದೂರಿಗೆ ಏಣಿ ಮರುದಿನವೇ ಬಂದಿದೆ, ಹೇಳದ ದೂರಿಗೆ ಕಾರ್ತಿಕ ಸೋಮವಾರಗಳೆಲ್ಲ ಕತ್ತಲಲ್ಲೇ ಕಳೆದಿವೆ.