ಗುಲ್ಮಾರ್ಗ್ ಗೊಂಡೋಲಾವೋ, ಸೋಲಂಗ್ ಏರುವುದೋ?

ಬೆಳಗಾವಿಯಿಂದ ಸ್ಕೀ ಮಾಡಲು ಹೊರಟಿದ್ದೀರಾ? ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ಗೊಂಡೋಲಾ, ಅಂದರೆ ಕೇಬಲ್ ಕಾರ್, ಸುಮಾರು 3,950 ಮೀಟರ್‌ವರೆಗೆ ಒಯ್ಯುತ್ತದೆ. ಇಳಿಯುವುದೇ ಜಾಸ್ತಿ. ನಮ್ಮೂರು ಇರುವುದು ಸುಮಾರು 750 ಮೀಟರ್‌ನಲ್ಲಿ. ಒಮ್ಮೆಗೇ ಮೇಲೆ ಹೋದರೆ ತಲೆನೋವು, ಏದುಸಿರು ಬರಬಹುದು. ಎರಡು ದಿನ ಕೆಳಗೆ ಗುಲ್ಮಾರ್ಗ್ ಊರಲ್ಲೇ ಇದ್ದು ಮೇಲೆ ಹೋಗಿ.

ಮನಾಲಿ ಹತ್ತಿರದ ಸೋಲಂಗ್‌ನ ಮೇಲಿನ ಗುಡ್ಡಗಳಲ್ಲಿ ಹತ್ತುವುದೇ ದಿನದ ಕೆಲಸ. ಸ್ಕೀ ಅಡಿಗೆ ಸ್ಕಿನ್ ಪಟ್ಟಿ ಅಂಟಿಸುತ್ತಾರೆ. ಅದರ ರೋಮ ಹಿಂದಕ್ಕೆ ಬಾಗಿರುತ್ತದೆ. ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಜಾರಲು ಬಿಡಲ್ಲ. ಬೆಕ್ಕಿನ ಬೆನ್ನನ್ನು ಬಾಲದ ಕಡೆಯಿಂದ ಸವರಿದ ಹಾಗೆ, ಅಲ್ವಾ? ಗುಡ್ಡದ ತುದಿ ತಲುಪಿದ ಮೇಲೆ ಪಟ್ಟಿ ಕಿತ್ತು ಜಾಕೆಟ್ ಒಳಗೆ ಇಟ್ಟುಕೊಳ್ಳಿ. ತಣ್ಣಗಾದರೆ ಅಂಟು ಹಿಡಿಯುವುದು ಕಷ್ಟ.

ಹೊಸಬರಿಗೆ ನಾನು ಹೇಳುವುದು ಗುಲ್ಮಾರ್ಗ್‌ನ ಕೆಳಗಿನ ಇಳಿಜಾರು. ಚೆನ್ನಾಗಿ ಸ್ಕೀ ಬರುತ್ತಾ, ನಮ್ಮೂರ ಹತ್ತಿರದ ರಾಜಹಂಸಗಡ ಕೋಟೆ ಹತ್ತಿ ದಣಿಯಲ್ವಾ? ಹಾಗಾದರೆ ಸೋಲಂಗ್. ಎರಡೂ ಕಡೆ ಹಿಮಕುಸಿತದ ಅಪಾಯ ಇದೆ. ಬೀಕನ್ (ಹಿಮದಡಿ ಸಿಕ್ಕವರನ್ನು ಪತ್ತೆ ಮಾಡುವ ರೇಡಿಯೋ ಸಾಧನ), ಪ್ರೋಬ್ (ಹಿಮಕ್ಕೆ ಚುಚ್ಚಿ ಹುಡುಕುವ ಉದ್ದ ಕೋಲು), ಸಲಿಕೆ, ಅಲ್ಲಿನ ಗೈಡ್ ಇಲ್ಲದೆ ಹೋಗಬೇಡಿ.